ಹಳೇ ಲ್ಯಾಪ್‌ಟಾಪಲ್ಲಿ ರೆಟ್ರೋ ಶೂಟರ್: ತಲೆ ಸುತ್ತುತ್ತೆ, ಆಟ ಲ್ಯಾಗ್ ಆಗುತ್ತೆ, ಎಂತ ಮಾಡೋದು?

ಅಂಬುತೀರ್ಥ:

ನಮಸ್ಕಾರ. ಊರು ಹೊಸನಗರ ತಾಲೂಕು. ಇಷ್ಟು ದಿನ ಮೊಬೈಲಲ್ಲಿ ಬಿಜಿಎಂಐ ಮಾತ್ರ, ಈಗ ಲ್ಯಾಪ್‌ಟಾಪಿಗೆ ಡಸ್ಕ್ ಅನ್ನೋ ರೆಟ್ರೋ ಶೂಟರ್ (90ರ ದಶಕದ ಶೈಲಿಯಲ್ಲಿ ಈಚೆಗೆ ಮಾಡಿದ ಗುಂಡು ಹಾರಿಸೋ ಆಟ) ಹಾಕಿದೀನಿ. ಮುಂದೆ ಅದೇ ಥರದ ಅಲ್ಟ್ರಾಕಿಲ್ ತಗೊಳ್ಳೋ ಯೋಚನೆ ಇದೆ.

ಮಷೀನು: ಕೋರ್ ಐ5 8250ಯು, ಯುಹೆಚ್‌ಡಿ 620 ಗ್ರಾಫಿಕ್ಸ್, 8 ಜಿಬಿ ರ‍್ಯಾಮ್ ಒಂದೇ ಸ್ಟಿಕ್, 1 ಟಿಬಿ ಹಾರ್ಡ್‌ಡಿಸ್ಕ್, 15.6 ಇಂಚಿನ 1366×768 ಪರದೆ, 60 ಹರ್ಟ್ಸ್. ಮೌಸ್ ಹೊರಗಿಂದು, ಕೀಬೋರ್ಡ್ ಲ್ಯಾಪ್‌ಟಾಪಿಂದೇ.

ತೊಂದರೆಗಳು ಹೇಳ್ತೀನಿ. ಇಪ್ಪತ್ತು ನಿಮಿಷ ಆಡೋ ಹೊತ್ತಿಗೆ ತಲೆ ಸುತ್ತಿ ಹೊಟ್ಟೆ ತೊಳಸಿದಂಗೆ ಆಗುತ್ತೆ. ನೋಡೋಕೆ 1996ರ ಆಟದ ಹಂಗೆ ಇದ್ರೂ ನಡುನಡುವೆ ಗಕ್ಕನೆ ನಿಂತು ಮುಂದೆ ಹೋಗುತ್ತೆ, ಸ್ವಲ್ಪ ಹೊತ್ತು ಆದ್ಮೇಲೆ ಪೂರ್ತಿ ನಿಧಾನ. ಓರೆಯಾಗಿ ಓಡ್ತಾ ಹಾರೋಕೆ ಹೋದ್ರೆ ಒಂದೊಂದ್ಸಲ ಹಾರೋದೇ ಇಲ್ಲ. ಗೋಡೆ ಮರೆಯಲ್ಲಿ ನಿಂತು ಇಣುಕಿ ಹೊಡೆದ್ರೂ ಸಾಯ್ತೀನಿ. ಮಳೆಗಾಲ ಬೇರೆ ಶುರುವಾಯ್ತು, ಕರೆಂಟ್ ನೆಚ್ಚೋ ಹಾಗಿಲ್ಲ, ಡೌನ್‌ಲೋಡ್ ಎಲ್ಲ ಮೊಬೈಲ್ ಡೇಟಾದಲ್ಲೇ ಆಗ್ಬೇಕು. ಹೊಸ ಲ್ಯಾಪ್‌ಟಾಪ್ ತಗೊಳ್ಳೋದು ಬಿಟ್ಟು ಬೇರೆ ಏನು ಮಾಡಬಹುದು?

ಕವಲೇದುರ್ಗ:

ಹೊಸದು ಬೇಡ, ಇದೇ ಸಾಕು. ಲ್ಯಾಗ್ ವಿಚಾರ ನಾನು ಹೇಳ್ತೀನಿ, ತಲೆ ಸುತ್ತೋದಕ್ಕೆ ಬೇರೆಯವರು ಬರ್ತಾರೆ.

ಮೊದಲು ಒಂದು ವಿಷಯ. ಈ ಆಟಗಳ ಮುಖ ಮಾತ್ರ ಹಳೇದು, ಒಳಗೆ ಓಡೋದು ಈಗಿನ ಎಂಜಿನ್, ಅಂದ್ರೆ ಆಟ ನಡೆಸೋ ಮೂಲ ಪ್ರೋಗ್ರಾಂ. 1996ರ ಕ್ವೇಕ್ 320×200ರಲ್ಲಿ ಓಡುವಾಗ ಒಂದು ಚಿತ್ರಕ್ಕೆ 64,000 ಪಿಕ್ಸೆಲ್, 256 ಬಣ್ಣ. ನಿಮ್ಮ ಪರದೆಯಲ್ಲಿ ಹತ್ತು ಲಕ್ಷಕ್ಕಿಂತ ಜಾಸ್ತಿ ಪಿಕ್ಸೆಲ್ ಇದೆ, ಅಂದ್ರೆ 16 ಪಟ್ಟು. 2018ರ ಡಸ್ಕ್ ಯೂನಿಟಿ ಎಂಜಿನ್ನಿಂದು, 2019ರ ಅಮಿಡ್ ಈವಿಲ್ ಅನ್ರಿಯಲ್ 4ರದು. ಟೆಕ್ಸ್ಚರ್ (ಗೋಡೆ, ನೆಲಕ್ಕೆ ಹೊದಿಸಿದ ಚಿತ್ರ) ದಪ್ಪ ದಪ್ಪ ಕಂಡ್ರೂ ಬೆಳಕು, ಮಂಜು, ನೆರಳಿನ ಲೆಕ್ಕ ಪೂರ್ತಿ ನಡೆದೇ ನಡೆಯುತ್ತೆ. ನಿಜವಾಗ್ಲೂ ಹಳೇ ಬುನಾದಿ ಮೇಲೆ ಕಟ್ಟಿದ್ದು ಬೇಕಂದ್ರೆ 2019ರ ಐಯಾನ್ ಫ್ಯೂರಿ, ಅದು ಡ್ಯೂಕ್ ನ್ಯೂಕೆಮ್ 3ಡಿ ಓಡಿದ ಬಿಲ್ಡ್ ಎಂಜಿನ್ನಿನ ಮುಂದುವರಿಕೆ.

ಆಟ ಯಾವಾಗ ತಡೆಯುತ್ತೆ ಅನ್ನೋದನ್ನ ಗಮನಿಸಿ, ಕಾರಣ ಅದರಲ್ಲೇ ಸಿಗುತ್ತೆ. ಹೊಸ ಗನ್ನಿನ ಮೊದಲ ಗುಂಡಿಗೆ ಅಥವಾ ಹೊಸ ಶತ್ರು ಕಂಡ ಕೂಡಲೇ ಒಂದೇ ಒಂದು ಸಲ ಗಕ್ಕಂದ್ರೆ ಅದು ಶೇಡರ್ (ಬೆಳಕು, ಬಣ್ಣದ ಲೆಕ್ಕ ಹಾಕೋ ಪುಟ್ಟ ಪ್ರೋಗ್ರಾಂ) ಕಂಪೈಲ್ ಆಗೋದು, ಎರಡನೇ ಸಲ ಇರಲ್ಲ, ಬಿಟ್ಟುಬಿಡಿ. ಹಾರ್ಡ್‌ಡಿಸ್ಕ್ ಲೈಟು ಮಿಣುಕ್ತಾ ಮತ್ತೆ ಮತ್ತೆ ನಿಂತ್ರೆ ರ‍್ಯಾಮ್ ತುಂಬಿ ವಿಂಡೋಸ್ ಡಿಸ್ಕಿಗೆ ಬರೀತಿದೆ ಅಂತ. ಬ್ರೌಸರ್ ಪೂರ್ತಿ ಮುಚ್ಚಿ ನೋಡಿ. ಹದಿನೈದು ಇಪ್ಪತ್ತು ನಿಮಿಷ ಸಲೀಸಾಗಿ ಓಡಿ ಆಮೇಲೆ ಕುಸಿದ್ರೆ ಶಾಖ. ನಿಮ್ಮದು ಎರಡನೇದೂ ಮೂರನೇದೂ ಸೇರಿದ ಹಾಗೆ ಕಾಣ್ತದೆ.

ಶಾಖಕ್ಕೆ ಔಷಧಿ: ಹಿಂದಿನ ಮುಚ್ಚಳ ತೆಗೆಸಿ ಫ್ಯಾನಿಗೂ ತಾಮ್ರದ ಫಿನ್ನಿಗೂ ಮಧ್ಯದ ಜಾಗ ನೋಡಿ. ನಮ್ಮ ಕಡೆ ತೇವಕ್ಕೆ ಧೂಳು ಪುಡಿಯಾಗಿ ಇರಲ್ಲ, ಕಂಬಳಿ ತುಂಡಿನ ಹಾಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತೆ. ಹೊರಗಿಂದ ಗಾಳಿ ಊದಿದ್ರೆ ಅದು ಅಲುಗಲ್ಲ. ಫ್ಯಾನ್ ಬಿಚ್ಚಿ ಒಣ ಬ್ರಷ್ಷಲ್ಲಿ ಎತ್ತಬೇಕು. ಅಲ್ಲಿವರೆಗೂ ಬಿಚ್ಚಿದ್ದೀವಿ ಅಂದ್ಮೇಲೆ ಚಿಪ್ಪಿನ ಶಾಖ ಹೊರಗೆ ಸಾಗಿಸೋ ಥರ್ಮಲ್ ಪೇಸ್ಟೂ ಬದಲಾಯಿಸಿಬಿಡಿ, ಅಕ್ಕಿ ಕಾಳಿನಷ್ಟು ಸಾಕು. ಹಾಸಿಗೆ, ಕಂಬಳಿ ಮೇಲೆ ಇಟ್ಟು ಆಡಬೇಡಿ, ಗಾಳಿ ಎಳೆಯೋ ಕಿಂಡಿ ಅಡಿಯಲ್ಲೇ ಇರೋದು.

ಇನ್ನು ರ‍್ಯಾಮ್. ಒಂದೇ ರೂಪಾಯಿ ಖರ್ಚು ಮಾಡೋದಾದ್ರೆ ಇಲ್ಲಿ ಮಾಡಿ. ಯುಹೆಚ್‌ಡಿ 620ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮನ್ನೇ ಹಂಚಿಕೊಳ್ಳುತ್ತೆ. ಡಿಡಿಆರ್4 2400ರ ಒಂದು ಸ್ಟಿಕ್ ಸೆಕೆಂಡಿಗೆ 19.2 ಜಿಬಿ ಸಾಗಿಸುತ್ತೆ, ಎರಡಿದ್ರೆ 38.4. ಗ್ರಾಫಿಕ್ಸಿಗೆ ದಾರಿ ಎರಡು ಪಟ್ಟು ಅಗಲ ಆದ ಹಾಗೆ. ಟಾಸ್ಕ್ ಮ್ಯಾನೇಜರಲ್ಲಿ ಪರ್ಫಾರ್ಮೆನ್ಸ್, ಮೆಮೊರಿ ತೆಗೆದ್ರೆ ಎರಡು ಸ್ಲಾಟಲ್ಲಿ ಒಂದು ಬಳಕೆಯಲ್ಲಿದೆ ಅಂತ ತೋರಿಸಬೇಕು. ಹಾಗಿದ್ರೆ 8 ಜಿಬಿ ಡಿಡಿಆರ್4 ಲ್ಯಾಪ್‌ಟಾಪ್ ರ‍್ಯಾಮ್, 260 ಪಿನ್, 1.2 ವೋಲ್ಟ್ ಅಂತ ಕೇಳಿ ತಗೊಳ್ಳಿ. 2666ದು ಸಿಕ್ಕಿದ್ರೂ ತೊಂದರೆ ಇಲ್ಲ, 2400ಕ್ಕೆ ಇಳಿದು ಓಡುತ್ತೆ. ಹಾಕುವಾಗ ಬ್ಯಾಟರಿ ಕನೆಕ್ಟರ್ ಬಿಡಿಸಿ, ಸ್ಟಿಕ್ಕನ್ನ ಓರೆಯಾಗಿ ಪೂರ್ತಿ ಒಳಗೆ ನೂಕಿ, ಆಮೇಲೆ ಕೆಳಗೆ ಒತ್ತಿ. ಎರಡೂ ಬದಿ ಕ್ಲಿಪ್ ಟಿಕ್ ಅನ್ನಬೇಕು. ಚಿನ್ನದ ಪಟ್ಟಿ ಜಾಸ್ತಿ ಕಾಣ್ತಿದ್ರೆ ಇನ್ನೂ ಕೂತಿಲ್ಲ ಅಂತ.

ರೆಸಲ್ಯೂಷನ್ನಲ್ಲಿ ತುಂಬ ಜನ ಎಡವ್ತಾರೆ. ಹಗುರ ಆಗ್ಲಿ ಅಂತ 1280×720ಕ್ಕೆ ಇಳಿಸ್ತಾರೆ. 768ನ್ನ 720ರಿಂದ ಭಾಗಿಸಿದ್ರೆ 1.067 ಬರುತ್ತೆ. ಅಂದ್ರೆ 15 ಪಿಕ್ಸೆಲ್ಲನ್ನ 16ಕ್ಕೆ ಎಳೀಬೇಕು, ಆ ಹದಿನಾರನೇದಕ್ಕೆ ಜಾಗ ಮಾಡೋಕೆ ಹೋಗಿ ಇಡೀ ಚಿತ್ರ ಮಂಜಾಗುತ್ತೆ. ಚೌಕ ಚೌಕ ಪಿಕ್ಸೆಲ್ಲೇ ಈ ಆಟದ ಅಂದ, ಅದೇ ಹೋದ್ರೆ ಉಳಿಯೋದೇನು? 1366×768ರಲ್ಲೇ ಇಟ್ಟು, ಆಟದೊಳಗೆ ಪಿಕ್ಸೆಲ್ ದಪ್ಪ ಮಾಡೋ ಆಯ್ಕೆ ಇದ್ರೆ ಅದನ್ನ ಬಳಸಿ. ಸರಿಯಾಗಿ ಅರ್ಧ ಅಂದ್ರೆ 683×384, ಪ್ರತಿ ಪಿಕ್ಸೆಲ್ಲೂ ಎರಡಕ್ಕೆರಡು ಆಗಿ ಅಚ್ಚುಕಟ್ಟಾಗಿ ಕೂರುತ್ತೆ. ಡ್ರೈವರಲ್ಲಿ ಇಂಟಿಜರ್ ಸ್ಕೇಲಿಂಗ್ (ಹೀಗೆ ಪೂರ್ಣ ಸಂಖ್ಯೆಯ ಪಟ್ಟಿನಲ್ಲೇ ಹಿಗ್ಗಿಸೋ ಆಯ್ಕೆ) ಹುಡುಕಬೇಡಿ, ಇಂಟೆಲ್ ಅದನ್ನ ಕೊಟ್ಟಿದ್ದು 11ನೇ ತಲೆಮಾರಿನ ಗ್ರಾಫಿಕ್ಸಿಂದ ಈಚೆಗೆ, 620 ಅದಕ್ಕಿಂತ ಹಿಂದಿಂದು.

ಕೊನೇದಾಗಿ ಫ್ರೇಮ್ ಮಿತಿ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋದು) 60ಕ್ಕೆ ಹಾಕಿ. 60ರಲ್ಲಿ ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡ್ ಸಮಯ. ವಿ-ಸಿಂಕ್ (ಚಿತ್ರವನ್ನ ಪರದೆಯ ಸರದಿಗೆ ಹೊಂದಿಸೋದು) ಹಾಕಿದ್ದು ಒಂದು ಚಿತ್ರ 17 ತಗೊಂಡ್ರೂ ಮುಂದಿನ ಸರದಿಗೆ ಕಾಯಬೇಕು, 33.3 ಆಗಿಬಿಡುತ್ತೆ. ಕೈಗೆ ತಡವರಿಸಿದಂಗೆ ಅನ್ನಿಸೋದು ಅದೇ. ಅದಕ್ಕೇ ಮೊದಲು ನೆರಳು, ಆಂಟಿಅಲಿಯಾಸಿಂಗ್ (ಅಂಚು ನುಣುಪು ಮಾಡೋದು) ಆಫ್ ಮಾಡಿ 60 ದಾಟೋ ಹಾಗೆ ಮಾಡ್ಕೊಳ್ಳಿ. ಚಾರ್ಜರ್ ಹಾಕೇ ಆಡಿ.

ಕುಂದಾದ್ರಿ:

ತಲೆ ಸುತ್ತೋದಕ್ಕೆ ಬರ್ತೀನಿ. ಅದು ನಿಮ್ಮ ಕಣ್ಣಿನ ದೋಷ ಅಲ್ಲ, ಸೆಟ್ಟಿಂಗ್ ಸರಿ ಇಲ್ಲ ಅಷ್ಟೆ.

ಎಫ್‌ಒವಿ ಅಂದ್ರೆ ಪರದೆಯಲ್ಲಿ ಆಟದ ಜಗತ್ತು ಎಷ್ಟು ಅಗಲ ಕಾಣುತ್ತೆ ಅನ್ನೋ ಕೋನ. ಅದು 60 ಇದ್ದಾಗ ನೀವು 90 ಡಿಗ್ರಿ ತಿರುಗಿದ್ರೆ ಒಂದೂವರೆ ಪರದೆಯಷ್ಟು ದೃಶ್ಯ ಕಣ್ಣ ಮುಂದೆ ಸರ‍್ರನೆ ಸರಿದು ಹೋಗುತ್ತೆ. 100 ಇದ್ರೆ ಒಂದು ಪರದೆಗಿಂತ ಕಮ್ಮಿ. ಡಸ್ಕಿನ ಓಟದ ವೇಗಕ್ಕೆ ಕಿರಿದಾದ ಎಫ್‌ಒವಿ ಸೇರಿದ್ರೆ ಆಗುಂಬೆ ಘಾಟಿ ತಿರುವಲ್ಲಿ ಬಸ್ಸಿನ ಹಿಂದಿನ ಸೀಟಲ್ಲಿ ಕೂತ ಹಾಗೆ, ಯಾರಿಗಾದ್ರೂ ತೊಳಸುತ್ತೆ.

ಹಳೇ ಡೂಮ್, ಕ್ವೇಕ್ 4:3 ಪರದೆಯಲ್ಲಿ 90 ಡಿಗ್ರಿ ತೋರಿಸ್ತಿದ್ವು. ಅದೇ ಎತ್ತರ ಉಳಿಸಿ 16:9ಕ್ಕೆ ಅಗಲ ಮಾಡಿದ್ರೆ 106 ಆಗುತ್ತೆ. 100ರಿಂದ 106ರ ಒಳಗೆ ಇಡಿ. ಒಂದು ಎಚ್ಚರಿಕೆ: ಕೆಲವು ಆಟದ ಸ್ಲೈಡರ್ ಅಗಲದ ಕೋನ ತೋರಿಸುತ್ತೆ, ಕೆಲವದು ಎತ್ತರದ ಕೋನ. ಎತ್ತರದ 60 ಅಂದ್ರೆ ಅಗಲದಲ್ಲಿ ಸುಮಾರು 91, 68 ಅಂದ್ರೆ 100, 74 ಅಂದ್ರೆ 106. ಗೊತ್ತಾಗದೆ ಎತ್ತರದ ಸ್ಲೈಡರಲ್ಲಿ 100 ಹಾಕಿದ್ರೆ ಅಂಚುಗಳೆಲ್ಲ ರಬ್ಬರ್ ಹಾಗೆ ಎಳೆದು ಇನ್ನೂ ಜಾಸ್ತಿ ಸುತ್ತುತ್ತೆ.

ಆಮೇಲೆ ಓಡುವಾಗ ನೋಟ, ಗನ್ನು ಕುಣಿಯೋ ಹೆಡ್ ಬಾಬ್, ವೆಪನ್ ಬಾಬ್, ಪರದೆ ಅಲುಗೋ ಸ್ಕ್ರೀನ್ ಶೇಕ್, ಬದಿಗೆ ಓಡುವಾಗ ಪರದೆ ವಾಲೋ ವ್ಯೂ ಟಿಲ್ಟ್, ತಿರುಗುವಾಗ ಚಿತ್ರ ಮಸುಕು ಮಾಡೋ ಮೋಷನ್ ಬ್ಲರ್, ಇದ್ದಷ್ಟೂ ಆಫ್. ಹಳೇ ಪ್ಲೇಸ್ಟೇಷನ್ನಿನ ಹಾಗೆ ಗೋಡೆಯ ಮೂಲೆಗಳು ನಡುಗೋ ಎಫೆಕ್ಟ್ ಕೆಲವು ಆಟದಲ್ಲಿ ಬೇಕಂತಲೇ ಹಾಕಿರ್ತಾರೆ, ಅದನ್ನೂ ತೆಗೀರಿ. ಪರದೆಯಿಂದ 60 ಸೆಂ.ಮೀ. ದೂರ ಕೂತು ಕೋಣೆಯ ಲೈಟ್ ಹಾಕಿಡಿ. 15.6 ಇಂಚಿನ ಪರದೆ ಅಷ್ಟು ದೂರದಿಂದ ಕಣ್ಣಿನ 32 ಡಿಗ್ರಿ ಮಾತ್ರ ತುಂಬುತ್ತೆ, ಸುತ್ತ ಅಲ್ಲಾಡದ ಗೋಡೆ ಕಾಣ್ತಿದ್ರೆ ತಲೆ ಸ್ಥಿಮಿತದಲ್ಲಿರುತ್ತೆ. ತೊಳಸೋಕೆ ಶುರುವಾದ ಮೇಲೆ ಸಹಿಸಿಕೊಂಡು ಆಡಬೇಡಿ, ನಿಲ್ಲಿಸಿ. ಹಟ ಮಾಡಿದ್ರೆ ಆ ದಿನ ಪೂರ್ತಿ ಹಾಳು.

ಮೌಸಿಗೆ: ವಿಂಡೋಸಲ್ಲಿ ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಶನ್ ಟಿಕ್ ತೆಗೀರಿ, ಆಟದಲ್ಲಿ ಮೌಸ್ ಸ್ಮೂತಿಂಗ್ ಆಫ್. ಒಂದು ಸ್ಕೇಲ್ ತಗೊಂಡು ಮೌಸ್ ಪಕ್ಕದಲ್ಲಿ ಇಡಿ. ಆಟದಲ್ಲಿ ಒಂದು ಬಾಗಿಲ ಅಂಚಿಗೆ ಗುರಿ ಇಟ್ಟು, ಮತ್ತೆ ಅದೇ ಅಂಚು ಬರೋವರೆಗೂ ಮೌಸನ್ನ ಒಂದೇ ದಿಕ್ಕಿಗೆ ಸರಿಸಿ. ಎಷ್ಟು ಸೆಂ.ಮೀ. ಆಯ್ತು ಹೇಳಿ. ಈ ಥರದ ಆಟಕ್ಕೆ 20ರಿಂದ 30 ಒಳ್ಳೇದು. ಹೋಲಿಕೆಗೆ, ಕ್ವೇಕಿನ ಮೂಲ ಸೆನ್ಸಿಟಿವಿಟಿ (ಮೌಸ್ ಸರಿಸಿದ್ದಕ್ಕೆ ನೋಟ ಎಷ್ಟು ತಿರುಗಬೇಕು ಅನ್ನೋ ಸೆಟ್ಟಿಂಗ್) 3, ಮೌಸಿನ ಒಂದು ಎಣಿಕೆಗೆ 0.066 ಡಿಗ್ರಿ ತಿರುಗುತ್ತೆ. 800 ಡಿಪಿಐ, ಅಂದ್ರೆ ಒಂದು ಇಂಚು ಸರಿಸಿದ್ರೆ 800 ಎಣಿಕೆ ಕೊಡೋ ಮೌಸಲ್ಲಿ ಪೂರ್ತಿ ಸುತ್ತಿಗೆ ಸುಮಾರು 17 ಸೆಂ.ಮೀ.

ಬಟ್ಟೆಯ ಮೌಸ್‌ಪ್ಯಾಡ್ ಜೂನ್ ಬಂತು ಅಂದ್ರೆ ತೇವ ಎಳೆದು ಭಾರ ಆಗುತ್ತೆ, ಅದೇ ಸೆನ್ಸಿಟಿವಿಟಿಯಲ್ಲೂ ಕೈ ತಡೆದಂಗೆ ಆಗುತ್ತೆ. ಬಚ್ಚಲೊಲೆ ಹತ್ತಿರ ಒಣಗಿಸಬೇಡಿ, ಅಡಿಯ ರಬ್ಬರ್ ಸೊಟ್ಟಗಾಗುತ್ತೆ. ಫ್ಯಾನ್ ಕೆಳಗೆ ಚಪ್ಪಟೆಯಾಗಿ ಹರಡಿ. ಇಲ್ಲಾಂದ್ರೆ ಗಟ್ಟಿ ಪ್ಲಾಸ್ಟಿಕ್ ಪ್ಯಾಡ್ ತಗೊಳ್ಳಿ, ಮಲೆನಾಡಿಗೆ ಅದೇ ವಾಸಿ.

ಹಾರದೇ ಇರೋದು ಕೀಬೋರ್ಡಿನ ಗುಣ. ಒಳಗೆ ಕೀಲಿಗಳು ಅಡ್ಡ ಉದ್ದ ತಂತಿಯ ಜಾಲದಲ್ಲಿ ಇರ್ತವೆ. ಕೆಲವು ಮೂರು ಕೀ ಒಟ್ಟಿಗೆ ಒತ್ತಿದ್ರೆ ಒತ್ತದೇ ಇರೋ ನಾಲ್ಕನೇದೂ ಒತ್ತಿದ ಹಾಗೆ ಕಾಣುತ್ತೆ. ಆ ಗೊಂದಲ ತಪ್ಪಿಸೋಕೆ ಕಂಟ್ರೋಲರ್ ಮೂರನೇದನ್ನೇ ತಳ್ಳಿಹಾಕುತ್ತೆ. ನೋಟ್‌ಪ್ಯಾಡ್ ತೆಗೆದು ಡಬ್ಲ್ಯೂ, ಡಿ ಹಿಡಿದು ಸ್ಪೇಸ್ ಒತ್ತಿ, ಜಾಗ ಬಿತ್ತಾ ನೋಡಿ. ಡಬ್ಲ್ಯೂ ಜೊತೆ ಎ ಹಿಡಿದೂ ನೋಡಿ. ಬೀಳದೇ ಇದ್ರೆ ಜಂಪನ್ನ ಮೌಸಿನ ಬಲಗುಂಡಿಗೋ ಪಕ್ಕದ ಗುಂಡಿಗೋ ಕೊಡಿ. ಹೊಸ ಕೀಬೋರ್ಡ್ ಬೇಕಾಗಲ್ಲ.

ಅಂಬುತೀರ್ಥ:

ಕವಲೇದುರ್ಗ ಅವರೇ, ಸ್ಲಾಟ್ ಎರಡಿದೆ, ಒಂದು ಖಾಲಿ. ಕುಂದಾದ್ರಿ ಅವರೇ, ಅಳೆದೆ, ಪೂರ್ತಿ ಸುತ್ತಿಗೆ 6 ಸೆಂ.ಮೀ. ಅಷ್ಟೆ! ಸೆನ್ಸಿಟಿವಿಟಿ ಸ್ಲೈಡರ್ 10ರಲ್ಲಿದೆ. ಡಬ್ಲ್ಯೂ, ಎ, ಸ್ಪೇಸ್ ಬೀಳ್ತಿಲ್ಲ, ಡಿ ಕಡೆ ಬೀಳುತ್ತೆ.

ಕುಂದಾದ್ರಿ:

6 ಸೆಂ.ಮೀ. ಅಂದ್ರೆ ಬೆರಳು ಅಲುಗಿದ್ರೆ ಬೆನ್ನು ತಿರುಗುತ್ತೆ, ತಲೆ ಸುತ್ತೋದಕ್ಕೆ ಅರ್ಧ ಕಾರಣ ಇದೇ. 25 ಬೇಕಂದ್ರೆ 10ನ್ನ 6ರಿಂದ ಗುಣಿಸಿ 25ರಿಂದ ಭಾಗಿಸಿ, 2.4 ಬರುತ್ತೆ. ಹಾಕಿ ಮತ್ತೆ ಅಳೀರಿ, ಎಲ್ಲ ಆಟದ ಸ್ಲೈಡರೂ ನೇರ ಅನುಪಾತದಲ್ಲಿ ಇರಲ್ಲ. ಎರಡು ದಿನ ಕೈ ಭಾರ ಅನ್ನಿಸುತ್ತೆ, ಮಣಿಕಟ್ಟಿನ ಬದಲು ಮೊಣಕೈಯಿಂದ ಸರಿಸೋದು ರೂಢಿ ಮಾಡ್ಕೊಳ್ಳಿ.

ಗಾಜನೂರು:

ಸಾಯೋದರ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳ್ತೀನಿ. ಬಿಜಿಎಂಐ ಕಲಿಸಿದ್ದನ್ನ ಇಲ್ಲಿ ಬಿಡಬೇಕು ಕಣ್ರೀ. ಅಲ್ಲಿ ಗುಂಡು ನಿಮಗಿಂತ ಎಷ್ಟೋ ಪಟ್ಟು ವೇಗ, ಮರೆಯೇ ಜೀವ. ಇಲ್ಲಿ ಶತ್ರುಗಳು ಬಿಡೋದು ಬಹುಪಾಲು ಕಣ್ಣಿಗೆ ಕಾಣೋ ಉಂಡೆ, ಬೆಂಕಿ, ಬಾಣ, ನೀವು ಅದಕ್ಕಿಂತ ಚುರುಕಾಗಿ ಪಕ್ಕಕ್ಕೆ ಸರಿಯಬಹುದು. ಗೋಡೆ ಹಿಂದೆ ನಿಂತ್ರೆ ಎಲ್ಲರೂ ನಿಮ್ಮ ಕಡೆಗೇ ನಡೆದು ಬಂದು ಬಾಗಿಲಲ್ಲಿ ಗುಂಪಾಗ್ತಾರೆ, ಆಮೇಲೆ ಸರಿಯೋಕೆ ಜಾಗ ಇರಲ್ಲ. ಕೋಣೆಗೆ ನುಗ್ಗಿ, ಅಂಚಿನ ಸುತ್ತ ವೃತ್ತದಲ್ಲಿ ಓಡ್ತಾ, ಮುಖ ಮಾತ್ರ ಮಧ್ಯಕ್ಕೆ ಇಟ್ಟು ಹೊಡೀರಿ. ಇದಕ್ಕೇ ಸರ್ಕಲ್ ಸ್ಟ್ರೇಫ್ ಅನ್ನೋದು. ಒಬ್ಬ ಬಿಟ್ಟ ಉಂಡೆ ಇನ್ನೊಬ್ಬನಿಗೆ ಬಿದ್ರೆ ಅವರವರೇ ಕಚ್ಚಾಡ್ತಾರೆ, ಡೂಮ್ ಕಾಲದಿಂದ ಇರೋ ವಿದ್ಯೆ, ಡಸ್ಕಲ್ಲೂ ನಡೆಯುತ್ತೆ. ನಿಂತರೆ ಇದು ಯಾವುದೂ ಆಗಲ್ಲ.

ಎಲ್ಲಾ ಹಳೇ ಆಟಕ್ಕೂ ಇದೇ ಅಂತ ತಿಳೀಬೇಡಿ. 1997ರ ಬ್ಲಡ್ ಆಟದ ಕಲ್ಟಿಸ್ಟ್‌ಗಳು ಟ್ರಿಗರ್ ಒತ್ತಿದ ಕ್ಷಣವೇ ತಾಗೋ ಹಿಟ್‌ಸ್ಕ್ಯಾನ್ ಗುಂಡು ಹೊಡೀತಾರೆ, ಅಲ್ಲಿ ಮೂಲೆ ಬೇಕೇ ಬೇಕು. ಹೊಸ ಆಟ ಶುರು ಮಾಡಿದಾಗ ಮೊದಲು ಗಮನಿಸೋದು ಇದನ್ನೇ: ಈ ಶತ್ರುವಿನ ಗುಂಡು ಕಾಣುತ್ತಾ, ಕಾಣಲ್ವಾ? ಕಾಣದವನನ್ನ ಮೊದಲು ಮುಗಿಸಿ, ಕಾಣೋದನ್ನ ತಪ್ಪಿಸ್ಕೊಳ್ಳಿ.

ಗನ್ ವಿಷಯಕ್ಕೆ ಮೂರು ಮಾತು. ಆಟೋ ಸ್ವಿಚ್ (ಹೊಸ ಗನ್ ಸಿಕ್ಕ ಕೂಡಲೇ ತಾನೇ ಕೈಗೆ ಬರೋದು) ಆಫ್ ಮಾಡಿ. ಮುಖಕ್ಕೆ ಮುಖ ಇರುವಾಗ ಕಾಲಿಗೆ ರಾಕೆಟ್ ಲಾಂಚರ್ ಸಿಕ್ಕಿ ಕೈಗೆ ಬಂದ್ರೆ ಮುಂದಿನ ಒತ್ತಿಗೆ ಸಾಯೋದು ನೀವೇ. ಡೂಮಲ್ಲಿ ರಾಕೆಟ್ ಸಿಡಿತ 128 ಯೂನಿಟ್ (ಆಟದೊಳಗಿನ ಅಳತೆ) ವರೆಗೂ ತಾಗುತ್ತೆ, ಹೊಡೆದವರಿಗೂ ಸೇರಿ. 6ರಿಂದ ಆಚೆಯ ನಂಬರ್ ಕೀಗಳು ಎಡಗೈಗೆ ನಿಲುಕಲ್ಲ, ಜಾಸ್ತಿ ಬಳಸೋ ಗನ್ನುಗಳನ್ನ ಕ್ಯೂ, ಇ, ಎಫ್ ಮತ್ತು ಮೌಸಿನ ಪಕ್ಕದ ಗುಂಡಿಗೆ ಹಾಕಿ. ಮತ್ತೆ, ದೊಡ್ಡ ಗನ್ನಿನ ಮದ್ದು ಕೂಡಿಡಬೇಡಿ. ಡೂಮಲ್ಲಿ ರಾಕೆಟ್ ಮಿತಿ 50, ಬ್ಯಾಕ್‌ಪ್ಯಾಕ್ ಇದ್ರೆ 100, ತುಂಬಿದ ಮೇಲೆ ನೆಲದಲ್ಲಿ ಬಿದ್ದಿದ್ದು ಎತ್ತೋಕೇ ಆಗಲ್ಲ. ಡಸ್ಕಲ್ಲೂ ಹೀಗೇ ಯೋಚಿಸಿ.

ಹಾರುತ್ತಾ ವೇಗ ಏರಿಸೋದು, ಬನ್ನಿಹಾಪ್, ಡಸ್ಕಲ್ಲಿ ಇದೆ. ಅದರ ಬೇರು ಕ್ವೇಕಲ್ಲಿ. ಕ್ವೇಕಿನ ನೆಲದ ವೇಗದ ಮಿತಿ ಸೆಕೆಂಡಿಗೆ 320 ಯೂನಿಟ್. ಗಾಳಿಯಲ್ಲಿದ್ದಾಗ ನೀವು ಒತ್ತಿದ ದಿಕ್ಕಿಗೆ ಈಗಾಗಲೇ 30ಕ್ಕಿಂತ ಜಾಸ್ತಿ ವೇಗ ಇದ್ಯಾ ಅಂತ ಮಾತ್ರ ಎಂಜಿನ್ ನೋಡುತ್ತೆ. ಮುಂದಕ್ಕೆ ಒತ್ತಿದ್ರೆ ಆಗಲೇ 320 ಇದೆ, ಏನೂ ಸೇರಲ್ಲ. ಓಡ್ತಿರೋ ದಿಕ್ಕಿಗೆ ಅಡ್ಡವಾಗಿ ಒತ್ತಿದ್ರೆ ಆ ಕಡೆಗೆ ವೇಗ ಹತ್ತಿರ ಹತ್ತಿರ ಸೊನ್ನೆ, ಹಾಗಾಗಿ ಸೇರಿಸ್ತಾ ಹೋಗುತ್ತೆ. ಅದಕ್ಕೇ ಹಾರಿದ ಕೂಡಲೇ ಡಬ್ಲ್ಯೂ ಬಿಟ್ಟು, ಎ ಹಿಡಿದು ಮೌಸನ್ನ ಎಡಕ್ಕೆ ನಿಧಾನ ಎಳೀಬೇಕು. ಮುಂದಿನ ಹಾರಿಕೆಗೆ ಡಿ, ಬಲಕ್ಕೆ. ಕಾಲು ನೆಲಕ್ಕೆ ತಾಗಿದ ತಕ್ಷಣ ಮತ್ತೆ ಜಂಪ್, ತಡವಾದ್ರೆ ನೆಲದ ಘರ್ಷಣೆ ಗಳಿಸಿದ ವೇಗವನ್ನ ತಿಂದುಹಾಕುತ್ತೆ. ಮೌಸ್ ಜೋರಾಗಿ ಎಳೆದ್ರೂ ವೇಗ ಹೋಗುತ್ತೆ, ಹೊಸಬರು ಕೆಡಿಸೋದು ಇಲ್ಲೇ.

ಅಲ್ಟ್ರಾಕಿಲ್‌ಗೆ ಹೋದ್ರೆ ಇನ್ನೊಂದು ಬದಲಾವಣೆ. ಡಸ್ಕಲ್ಲಿ ಆರೋಗ್ಯದ ಪೊಟ್ಟಣ ಹುಡುಕ್ತೀರಿ, ಅಲ್ಲಿ ಶತ್ರುವಿನ ರಕ್ತ ಮೈಮೇಲೆ ಬಿದ್ರೆ ಆರೋಗ್ಯ. ಪೆಟ್ಟು ತಿಂದಾಗ ಹಿಂದೆ ಸರಿಯೋದೇ ತಪ್ಪು, ಹತ್ತಿರ ನುಗ್ಗಬೇಕು. ಎದುರಿಂದ ಬಂದ ಉಂಡೆಯನ್ನ ಸರಿಯಾದ ಹೊತ್ತಿಗೆ ಗುದ್ದಿದ್ರೆ ವಾಪಸ್ ಅವನಿಗೇ ಹೋಗುತ್ತೆ. ಡ್ಯಾಶ್ ಮೂರು, ಮೂರನ್ನೂ ಒಟ್ಟಿಗೆ ಖರ್ಚು ಮಾಡಬೇಡಿ, ಒಂದು ಕೈಲಿರಲಿ. ಉಚಿತ ಡೆಮೋ ಇದೆ, ಲ್ಯಾಪ್‌ಟಾಪ್ ತಡೆಯುತ್ತಾ ಅಂತ ಅದರಲ್ಲೇ ನೋಡಿ.

ಮಂಡಗದ್ದೆ:

ಕರೆಂಟು, ಡೇಟಾ ಎರಡಕ್ಕೆ ಚಿಕ್ಕದಾಗಿ. ಇವು ಒಬ್ಬರೇ ಆಡೋ ಆಟ, ನೆಟ್ ಬೇಕಿಲ್ಲ. ನೆಟ್ ಇರುವಾಗ ಒಂದ್ಸಲ ಆಟ ತೆರೆದು ಮುಚ್ಚಿ, ಆಮೇಲೆ ಸ್ಟೀಮನ್ನ (ಆಟ ಕೊಂಡು ಇಳಿಸಿಕೊಳ್ಳೋ ಆ್ಯಪ್) ಆಫ್‌ಲೈನ್ ಮೋಡಿಗೆ ಹಾಕಿ. ಆಟದ ಪ್ರಾಪರ್ಟೀಸಲ್ಲಿ ಅಪ್‌ಡೇಟನ್ನ ಆಟ ಶುರು ಮಾಡಿದಾಗ ಮಾತ್ರ ಅಂತ ಇಡಿ, ಇಲ್ಲದಿದ್ರೆ ಗೊತ್ತಿಲ್ಲದೆ ದಿನದ ಡೇಟಾ ಮುಗಿದಿರುತ್ತೆ. ಪೇಟೆಯಲ್ಲಿ ಫೈಬರ್ ಇರೋ ಗೆಳೆಯರ ಹತ್ರ ಅದೇ ಆಟ ಇದ್ರೆ, ಎರಡೂ ಲ್ಯಾಪ್‌ಟಾಪನ್ನ ಒಂದೇ ವೈಫೈಗೆ ಸೇರಿಸಿ. 2023ರಿಂದ ಸ್ಟೀಮಲ್ಲಿ ಲೋಕಲ್ ನೆಟ್‌ವರ್ಕ್ ಟ್ರಾನ್ಸ್‌ಫರ್ ಇದೆ, ಫೈಲು ಅವರ ಡಿಸ್ಕಿಂದಲೇ ಬರುತ್ತೆ. ತಗೊಂಡ ಆಟ ಮೈಗೆ ಒಗ್ಗದಿದ್ರೆ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಮ್ಮಿ ಆಡಿದ್ರೆ ದುಡ್ಡು ವಾಪಸ್ ಕೇಳಬಹುದು. ತಲೆ ಸುತ್ತೋರಿಗೆ ಇದು ಮುಖ್ಯ.

ಕರೆಂಟ್ ಹೋದ ಕೂಡಲೇ ಲ್ಯಾಪ್‌ಟಾಪ್ ಬ್ಯಾಟರಿಗೆ ಇಳಿದು ಫ್ರೇಮ್ ಕುಸಿಯುತ್ತೆ. ಆಗ ಹೋರಾಡಬೇಡಿ, ಆಟ ಪಾಜ್ ಮಾಡಿ (ತಡೆಹಿಡಿದು) ಸೇವ್ ಮಾಡಿ. ಡಸ್ಕಲ್ಲಿ ಎರಡು ಸ್ಲಾಟಿಗೆ ಸರದಿಯಂತೆ ಸೇವ್ ಮಾಡಿ, ಬರೆಯುವಾಗಲೇ ಮಷೀನ್ ಆರಿದ್ರೆ ಒಂದು ಕೆಟ್ಟರೂ ಇನ್ನೊಂದು ಇರುತ್ತೆ. ಅಲ್ಟ್ರಾಕಿಲ್ಲಲ್ಲಿ ಹಂತದ ಮಧ್ಯೆ ಸೇವ್ ಇಲ್ಲ, ಮುಚ್ಚಿದ್ರೆ ಆ ಹಂತ ಮೊದಲಿಂದ, ಬ್ಯಾಟರಿ ನೋಡಿ ಶುರು ಮಾಡಿ. ಗುಡುಗು ಕೇಳಿಸ್ತು ಅಂದ್ರೆ ಚಾರ್ಜರನ್ನ ಗೋಡೆಯಿಂದಲೇ ಕೀಳಿ, ಸ್ವಿಚ್ ಆಫ್ ಸಾಲದು. ಲ್ಯಾನ್ ಕೇಬಲ್ ಇದ್ರೆ ಅದನ್ನೂ.

ಅಂಬುತೀರ್ಥ:

ತುಂಬಾ ಉಪಕಾರ. 2.4 ಹಾಕಿದೆ, ಅಳೆದ್ರೆ 25ರ ಹತ್ರಾನೇ ಬರುತ್ತೆ. ಜಂಪ್ ಬಲಗುಂಡಿಗೆ ಕೊಟ್ಟೆ. ರ‍್ಯಾಮ್ ಬರೋ ತನಕ ಇನ್ನೂ ಹಗುರವಾದ್ದು, ದುಡ್ಡಿಲ್ಲದ್ದು ಏನಾದ್ರೂ ಇದ್ಯಾ? ಸರ್ಕಲ್ ಸ್ಟ್ರೇಫ್ ಕೈಗೆ ಹತ್ತಿಸ್ಕೊಬೇಕು.

ಕವಲೇದುರ್ಗ:

ಜಿಝಡ್‌ಡೂಮ್ ಜೊತೆ ಫ್ರೀಡೂಮ್. ಎರಡೂ ಉಚಿತ, ಕಾನೂನುಬದ್ಧ. ಡೂಮಿನ ಸೋರ್ಸ್ ಕೋಡನ್ನ 1997ರಲ್ಲಿ ಬಿಡುಗಡೆ ಮಾಡಿದ್ರು, ಜಿಝಡ್‌ಡೂಮ್ ಆ ಬಳ್ಳಿಯ ಎಂಜಿನ್. ಚಿತ್ರ, ಶಬ್ದ, ಹಂತಗಳನ್ನ ಹೊಸದಾಗಿ ಮಾಡಿ ಕೊಟ್ಟಿದ್ದು ಫ್ರೀಡೂಮ್. ಜಿಝಡ್‌ಡೂಮ್ ಜಿಪ್ಪನ್ನ ಒಂದು ಫೋಲ್ಡರಿಗೆ ಬಿಚ್ಚಿ, ಫ್ರೀಡೂಮ್ ಜಿಪ್ಪಿನ ಎರಡು ವ್ಯಾಡ್ ಫೈಲನ್ನ (ಚಿತ್ರ, ಶಬ್ದ, ಹಂತ ಎಲ್ಲ ಇರೋ .wad ಫೈಲು) ಅದೇ ಫೋಲ್ಡರಿಗೆ ಹಾಕಿ, ಜಿಝಡ್‌ಡೂಮ್ ಒತ್ತಿದ್ರೆ ಯಾವುದು ಅಂತ ಕೇಳುತ್ತೆ. ಫೇಸ್ 2 ಆರಿಸಿ, 32 ಹಂತ ಇದೆ. ದಾರಿ ತಪ್ಪಿದ್ರೆ ಟ್ಯಾಬ್ ಒತ್ತಿದಾಗ ನಕ್ಷೆ ಬರುತ್ತೆ.

ಡಿಸ್‌ಪ್ಲೇ ಸೆಟ್ಟಿಂಗಲ್ಲಿ ಟೆಕ್ಸ್ಚರ್ ಫಿಲ್ಟರನ್ನ (ಟೆಕ್ಸ್ಚರ್ ನುಣುಪು ಮಾಡೋ ಸೆಟ್ಟಿಂಗ್) None (trilinear), ಅನಿಸೋಟ್ರೋಪಿಕ್ (ಓರೆಯಾಗಿ ಕಾಣೋ ನೆಲ, ಗೋಡೆ ಸ್ಪಷ್ಟ ಮಾಡೋದು) 8 ಇಡಿ. ಹತ್ತಿರದ ಗೋಡೆ ಚೌಕ ಚೌಕವಾಗೇ ಇರುತ್ತೆ, ದೂರದ ನೆಲ ಮಾತ್ರ ಮಿಣಮಿಣ ಅನ್ನೋದು ನಿಲ್ಲುತ್ತೆ. ಬರೀ None ಇಟ್ರೆ ಓಡುವಾಗ ದೂರದ ಪಿಕ್ಸೆಲ್ ಎಲ್ಲ ಮಿನುಗಿ ಮತ್ತೆ ಕಣ್ಣಿಗೆ ಹಿಂಸೆ. ಎಫ್‌ಒವಿ ಇಲ್ಲಿ 90 ಇರಲಿ. ಇದು 4:3ರ ಲೆಕ್ಕದ ಸಂಖ್ಯೆ, ಅಗಲ ಪರದೆಗೆ ತಾನೇ ಹಿಗ್ಗಿಸಿಕೊಳ್ಳುತ್ತೆ, 106 ಹಾಕಿದ್ರೆ ಎರಡು ಸಲ ಹಿಗ್ಗಿಸಿದ ಹಾಗೆ ಆಗುತ್ತೆ.